ಏಕಾಂಗಿ ಹುದ್ದೆ, ಸಾಮೂಹಿಕ ದನಿ: ಔದ್ಯೋಗಿಕ ಆರೋಗ್ಯ ಶುಶ್ರೂಷೆಯಲ್ಲಿ ವೃತ್ತಿಸಂಘಗಳ ಪಾತ್ರ

1. ವಿಷಯದ ವ್ಯಾಪ್ತಿ

ದುಡಿಮೆಯಿಂದ ಆರೋಗ್ಯಕ್ಕೆ ಒದಗುವ ಕೇಡನ್ನು ತಡೆಯುವುದು, ದುಡಿಯುವವರ ದೇಹಸ್ಥಿತಿಗೆ ಒಗ್ಗುವ ಕೆಲಸ ಅವರಿಗೆ ದೊರೆಯುವಂತೆ ನೋಡಿಕೊಳ್ಳುವುದು, ಕೆಲಸದ ಸ್ಥಳದಲ್ಲಿ ಗಾಯಗೊಂಡವರಿಗೂ ಕಾಯಿಲೆ ಬಿದ್ದವರಿಗೂ ಮೊದಲ ಆರೈಕೆ ನೀಡಿ ಅವರು ಮತ್ತೆ ಕೆಲಸಕ್ಕೆ ಮರಳುವ ತನಕ ಬೆನ್ನಿಗಿರುವುದು, ಈ ಮೂರು ಹೊಣೆಗಳನ್ನು ಹೊತ್ತ ಶುಶ್ರೂಷೆಯ ಶಾಖೆಯನ್ನು ಔದ್ಯೋಗಿಕ ಆರೋಗ್ಯ ಶುಶ್ರೂಷೆ ಎನ್ನುತ್ತಾರೆ. ಕಾರ್ಖಾನೆ, ಗಣಿ, ತೋಟ, ಬಂದರು, ಕಟ್ಟಡ ನಿರ್ಮಾಣದ ತಾಣ, ಸಾಫ್ಟ್‌ವೇರ್ ಕಚೇರಿ, ಕೊನೆಗೆ ಆಸ್ಪತ್ರೆಯೂ ಇದರ ಕಾರ್ಯಕ್ಷೇತ್ರವೇ, ಏಕೆಂದರೆ ಆಸ್ಪತ್ರೆ ರೋಗಿಗೆ ಚಿಕಿತ್ಸೆಯ ಸ್ಥಳವಾದರೂ ಅಲ್ಲಿ ದುಡಿಯುವವರಿಗೆ ಅದು ಅಪಾಯಗಳುಳ್ಳ ಒಂದು ಕೆಲಸದ ಸ್ಥಳ.

ಈ ಶಾಖೆಯನ್ನು ಶುಶ್ರೂಷೆಯ ಉಳಿದ ಶಾಖೆಗಳಿಂದ ಬೇರ್ಪಡಿಸುವುದು ಕೆಲಸದ ಬಗೆ ಮಾತ್ರವಲ್ಲ, ಕೆಲಸ ನಡೆಯುವ ಸನ್ನಿವೇಶವೂ ಹೌದು. ಆಸ್ಪತ್ರೆಯ ವಾರ್ಡಿನಲ್ಲಿರುವ ಶುಶ್ರೂಷಕಿಗೆ ಮೇಲೆ ಶುಶ್ರೂಷಾ ಅಧೀಕ್ಷಕರು, ಪಕ್ಕದಲ್ಲಿ ಅದೇ ಕೆಲಸ ಬಲ್ಲ ಸಹೋದ್ಯೋಗಿಗಳು ಇರುತ್ತಾರೆ. ಸಂದೇಹ ಬಂದರೆ ಕೇಳುವುದಕ್ಕೆ, ಒತ್ತಡ ಬಂದರೆ ಹಂಚಿಕೊಳ್ಳುವುದಕ್ಕೆ ಅಲ್ಲಿ ಜನರಿದ್ದಾರೆ. ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಾದರೋ ಒಂದು ಪಾಳಿಗೆ ಒಬ್ಬರೇ ನರ್ಸ್ ಇರುವುದು ಸಾಮಾನ್ಯ. ವೈದ್ಯರು ಹಲವೆಡೆ ಗೊತ್ತಾದ ಹೊತ್ತಿಗೆ ಬಂದು ಹೋಗುತ್ತಾರೆ. ನರ್ಸ್ ಲೆಕ್ಕ ಒಪ್ಪಿಸಬೇಕಾದ ಮೇಲಧಿಕಾರಿ ಸಿಬ್ಬಂದಿ ವಿಭಾಗದವರೋ ಸುರಕ್ಷತಾ ವಿಭಾಗದವರೋ ಆಗಿದ್ದು, ಶುಶ್ರೂಷೆಯ ಒಳಹೊರಗನ್ನು ಬಲ್ಲವರಾಗಿರುವುದಿಲ್ಲ. ಸಂಬಳ ಮಾಲೀಕನದು, ಆರೈಕೆ ಕಾರ್ಮಿಕನದು. ಈ ಎರಡರ ನಡುವೆ ಹಿತಾಸಕ್ತಿಯ ತಿಕ್ಕಾಟ ಹುಟ್ಟಿದಾಗ ನಿರ್ಧಾರದ ಭಾರ ಒಬ್ಬ ವ್ಯಕ್ತಿಯ ಹೆಗಲ ಮೇಲೆ ಬೀಳುತ್ತದೆ.

ಈ ಉಪನ್ಯಾಸದ ವಾದ ಇಲ್ಲಿಂದ ಹೊರಡುತ್ತದೆ. ಕಾನೂನು ಒಂದು ಹುದ್ದೆಯನ್ನು ಸೃಷ್ಟಿಸಬಲ್ಲದು, ಶಿಕ್ಷಣ ಸಂಸ್ಥೆ ಆ ಹುದ್ದೆಗೆ ತಕ್ಕ ವ್ಯಕ್ತಿಯನ್ನು ಸಿದ್ಧಪಡಿಸಬಲ್ಲದು. ಆದರೆ ಹುದ್ದೆಯಲ್ಲಿ ಕುಳಿತ ವ್ಯಕ್ತಿ ತನ್ನ ವೃತ್ತಿಯ ತೀರ್ಮಾನವನ್ನು ಸಂಬಳ ಕೊಡುವವರ ಎದುರಿಗೂ ಎತ್ತಿ ಹಿಡಿಯುವಂತಾಗಲು ಬೇಕಾದ ಬೆಂಬಲವನ್ನು ಮುಖ್ಯವಾಗಿ ವೃತ್ತಿಸಂಘವೇ ಒದಗಿಸಬೇಕು. ವೃತ್ತಿಸಂಘವೆಂದರೆ ಒಂದೇ ವೃತ್ತಿಯವರು ಸ್ವಇಚ್ಛೆಯಿಂದ ಕೂಡಿ, ತಮ್ಮ ವೃತ್ತಿಯ ಜ್ಞಾನ, ಮಾನದಂಡ ಮತ್ತು ನೀತಿಯನ್ನು ಕಾಯಲು ಕಟ್ಟಿಕೊಂಡ ಸಂಸ್ಥೆ. ವೇತನ ಮತ್ತು ಸೇವಾ ಷರತ್ತುಗಳಿಗಾಗಿ ಚೌಕಾಸಿ ಮಾಡುವ ಕಾರ್ಮಿಕ ಸಂಘ ಬೇರೆ. ಸಾರ್ವಜನಿಕರ ರಕ್ಷಣೆಗಾಗಿ ಶಾಸನದ ಬಲದಿಂದ ನೋಂದಣಿ ನಡೆಸುವ ಶುಶ್ರೂಷಾ ಪರಿಷತ್ತು ಬೇರೆ. ಈ ಮೂರರ ಗಡಿಗಳು ವ್ಯವಹಾರದಲ್ಲಿ ಅಲ್ಲಲ್ಲಿ ಬೆರೆಯುತ್ತವೆಯಾದರೂ ಒಂದರ ಕೆಲಸವನ್ನು ಇನ್ನೊಂದು ಪೂರ್ತಿಯಾಗಿ ಮಾಡಲಾರದು.

2. ಒಬ್ಬೊಬ್ಬರಿಂದ ಸಂಘದ ಕಡೆಗೆ

ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಸಾಸಿವೆ ಪುಡಿ ತಯಾರಿಸುತ್ತಿದ್ದ ಕೋಲ್ಮನ್ ಕಂಪನಿ 1878ರಲ್ಲಿ ಫಿಲಿಪಾ ಫ್ಲವರ್‌ಡೇ ಎಂಬ ಶುಶ್ರೂಷಕಿಯನ್ನು ನೇಮಿಸಿಕೊಂಡಿತು. ಕಾರ್ಖಾನೆಯ ಔಷಧಾಲಯದಲ್ಲಿ ವೈದ್ಯರಿಗೆ ನೆರವಾಗುವುದು, ಕಾಯಿಲೆ ಬಿದ್ದ ಕಾರ್ಮಿಕರನ್ನು ಮನೆಗೇ ಹೋಗಿ ನೋಡುವುದು ಆಕೆಯ ಕೆಲಸವಾಗಿತ್ತು. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಅಮೃತಶಿಲೆ ತೆಗೆಯುತ್ತಿದ್ದ ವರ್ಮಾಂಟ್ ಮಾರ್ಬಲ್ ಕಂಪನಿ 1895ರಲ್ಲಿ ಏಡಾ ಮೇಯೊ ಸ್ಟುವರ್ಟ್ ಅವರನ್ನು ನೇಮಿಸಿತು. ಸೈಕಲ್ ಮೇಲೆ ಕಾರ್ಮಿಕರ ಮನೆಗಳಿಗೆ ಹೋಗಿ ರೋಗಿಗಳನ್ನು ಆರೈಕೆ ಮಾಡುತ್ತ, ತಾಯಂದಿರಿಗೆ ಮಕ್ಕಳ ಪಾಲನೆಯ ತಿಳಿವಳಿಕೆ ಕೊಡುತ್ತ ಆಕೆ ದುಡಿದರು. ಈ ಇಬ್ಬರನ್ನು ಔದ್ಯೋಗಿಕ ಶುಶ್ರೂಷೆಯ ಮೊದಲಿಗರ ಸಾಲಿನಲ್ಲಿ ಇಡುವುದು ರೂಢಿ. ಇಬ್ಬರ ನೇಮಕಕ್ಕೂ ಮೂಲ ಮಾಲೀಕರ ಔದಾರ್ಯವೇ ಹೊರತು ಕಾನೂನಿನ ಕಟ್ಟಳೆಯಾಗಲಿ ಕಾರ್ಮಿಕರ ಹಕ್ಕಾಗಲಿ ಆಗಿರಲಿಲ್ಲವೆಂಬುದು ಗಮನಾರ್ಹ. ಔದಾರ್ಯದಿಂದ ಹುಟ್ಟಿದ ಹುದ್ದೆಯ ವ್ಯಾಪ್ತಿಯನ್ನು ಔದಾರ್ಯ ತೋರಿದವರೇ ನಿರ್ಧರಿಸುತ್ತಾರೆ; ಕಲ್ಲಿನ ದೂಳಿನ ಬಗ್ಗೆ ಪ್ರಶ್ನೆ ಎತ್ತುವ ಅಧಿಕಾರ ಮನೆಮನೆಗೆ ಹೋಗುವ ಶುಶ್ರೂಷಕಿಯ ಹುದ್ದೆಯೊಳಗೆ ತಾನಾಗಿ ಸೇರುವುದಿಲ್ಲ.

ಅಮೆರಿಕದ ರಾಜ್ಯಗಳು 1911ರಿಂದ ಒಂದಾದ ಮೇಲೊಂದರಂತೆ ಕಾರ್ಮಿಕರ ಪರಿಹಾರ ಕಾಯ್ದೆಗಳನ್ನು ತಂದಾಗ ಸನ್ನಿವೇಶ ಬದಲಾಯಿತು. ಗಾಯಕ್ಕೆ ಪರಿಹಾರ ಕೊಡುವುದು ಮಾಲೀಕನ ಹೊಣೆಯಾದುದರಿಂದ ಗಾಯವನ್ನು ಬೇಗ ಗುರುತಿಸಿ ಸೋಂಕು ತಗಲದಂತೆ ನೋಡಿಕೊಳ್ಳುವ ನರ್ಸ್ ಕಂಪನಿಗೆ ಲಾಭದಾಯಕವಾಗಿ ಕಂಡರು; ಎರಡು ಮಹಾಯುದ್ಧಗಳ ಕಾಲದ ಶಸ್ತ್ರಾಸ್ತ್ರ ಕಾರ್ಖಾನೆಗಳು ಅವರ ಸಂಖ್ಯೆಯನ್ನು ಇನ್ನಷ್ಟು ಬೆಳೆಸಿದವು. ಸಂಖ್ಯೆ ಬೆಳೆದಂತೆ ಬೇರೆ ಬೇರೆ ಕಾರ್ಖಾನೆಗಳಲ್ಲಿ ಒಂಟಿಯಾಗಿದ್ದವರು ಪರಸ್ಪರ ಹುಡುಕಿಕೊಳ್ಳತೊಡಗಿದರು. ಬಾಸ್ಟನ್ ನಗರದಲ್ಲಿ 1910ರ ದಶಕದಲ್ಲೇ ಕೈಗಾರಿಕಾ ಶುಶ್ರೂಷಕಿಯರ ಕೂಟವೊಂದು ರೂಪುಗೊಂಡಿತು. ಪ್ರಾದೇಶಿಕ ಸಂಘಗಳು ಅದರ ಹಿಂದೆಯೇ ಹುಟ್ಟಿದವು. 1942ರಲ್ಲಿ 16 ರಾಜ್ಯಗಳ ಸುಮಾರು 300 ಶುಶ್ರೂಷಕಿಯರು ಕೂಡಿ ಅಮೆರಿಕನ್ ಅಸೋಸಿಯೇಷನ್ ಆಫ್ ಇಂಡಸ್ಟ್ರಿಯಲ್ ನರ್ಸಸ್ ಎಂಬ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. 1950ರ ದಶಕದ ಆರಂಭದಲ್ಲಿ ದೊಡ್ಡ ಶುಶ್ರೂಷಾ ಸಂಘಟನೆಗಳೊಂದಿಗೆ ವಿಲೀನವಾಗುವ ಪ್ರಶ್ನೆ ಎದ್ದಾಗ, ಆಸ್ಪತ್ರೆಯ ಸಮಸ್ಯೆಗಳ ನಡುವೆ ಕಾರ್ಖಾನೆಯ ಸಮಸ್ಯೆಗಳು ಮುಳುಗಿಹೋದಾವೆಂಬ ಅಳುಕಿಗೆ ಉತ್ತರವೆಂಬಂತೆ, ಈ ಸಂಘ ಸ್ವತಂತ್ರವಾಗಿ ಉಳಿಯಿತು. 1977ರಲ್ಲಿ ಅದರ ಹೆಸರಿನಲ್ಲಿದ್ದ ಕೈಗಾರಿಕೆಯ ಜಾಗಕ್ಕೆ ಔದ್ಯೋಗಿಕ ಆರೋಗ್ಯ ಬಂದು, ಕಾರ್ಖಾನೆಯ ಗೋಡೆಯಾಚೆಯ ಎಲ್ಲ ದುಡಿಮೆಯೂ ಸಂಘದ ಕಾಳಜಿಯೊಳಕ್ಕೆ ಸೇರಿತು.

ಬ್ರಿಟನ್ ಹಿಡಿದ ದಾರಿ ಇದಕ್ಕಿಂತ ಭಿನ್ನ. ಅಲ್ಲಿ ಪ್ರತ್ಯೇಕ ಸಂಘ ಮೊದಲು ಹುಟ್ಟಲಿಲ್ಲ. ಶುಶ್ರೂಷಕಿಯರ ದೊಡ್ಡ ವೃತ್ತಿಸಂಸ್ಥೆಯಾದ ಕಾಲೇಜ್ ಆಫ್ ನರ್ಸಿಂಗ್ 1934ರಲ್ಲಿ ಕೈಗಾರಿಕಾ ಶುಶ್ರೂಷೆಯ ತರಬೇತಿಯನ್ನು ತನ್ನ ಆಶ್ರಯದಲ್ಲೇ ಆರಂಭಿಸಿತು. ಮುಂದೆ 2004ರಲ್ಲಿ ಆ ದೇಶದ ಶುಶ್ರೂಷಾ ನೋಂದಣಿ ಪುಸ್ತಕದಲ್ಲಿ ಸಮುದಾಯ ಆರೋಗ್ಯದ ವಿಶೇಷಜ್ಞರಿಗೆಂದು ತೆರೆದ ಮೂರನೆಯ ಭಾಗದಲ್ಲಿ ಔದ್ಯೋಗಿಕ ಆರೋಗ್ಯಕ್ಕೂ ಸ್ಥಾನ ದೊರೆಯಿತು. ದೊಡ್ಡ ಸಂಸ್ಥೆಯೊಳಗೆ ವಿಭಾಗವಾಗಿ ಬೆಳೆಯುವುದು, ಸಣ್ಣದಾದರೂ ಸ್ವತಂತ್ರ ಸಂಘವಾಗಿ ನಿಲ್ಲುವುದು ಎಂಬ ಈ ಎರಡು ಮಾದರಿಗಳು ಇಂದಿಗೂ ಜೊತೆಜೊತೆಗೇ ಇವೆ. ಮೊದಲನೆಯದಕ್ಕೆ ದೊಡ್ಡ ಬಳಗದ ಬಲವಿದೆ, ಎರಡನೆಯದಕ್ಕೆ ವಿಷಯದ ಏಕಾಗ್ರತೆಯಿದೆ.

3. ಸಂಘ ಮಾಡುವ ಕೆಲಸಗಳು

ವೃತ್ತಿಸಂಘದ ಮೊದಲ ಕೆಲಸ ಮಾನದಂಡವನ್ನು ಬರೆದಿಡುವುದು. ಏನು ಮಾಡಿದರೆ ಶುಶ್ರೂಷಕಿ ತನ್ನ ಕರ್ತವ್ಯವನ್ನು ಸರಿಯಾಗಿ ಮಾಡಿದಂತೆ ಎಂಬುದನ್ನು ವೃತ್ತಿಯವರೇ ಕೂಡಿ ಬರೆದು ಪ್ರಕಟಿಸದೆ ಹೋದರೆ, ಆ ನಿರ್ಣಯ ಆಯಾ ಕಾರ್ಖಾನೆಯ ಆಡಳಿತವರ್ಗದ ಕೈಗೆ ಹೋಗುತ್ತದೆ. ಆಗ ಬ್ಯಾಂಡೇಜು ಕಟ್ಟುವುದು, ತಲೆನೋವಿಗೆ ಮಾತ್ರೆ ಕೊಡುವುದು, ಹಾಜರಿ ಪುಸ್ತಕ ತುಂಬುವುದು ಇಷ್ಟೇ ಆ ಹುದ್ದೆಯ ಮಿತಿಯಾಗಿಬಿಡುವ ಅಪಾಯವಿದೆ. ಅಪಾಯದ ಅಂದಾಜು, ಶ್ರವಣ ಹಾಗೂ ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ, ಕೆಲಸಕ್ಕೆ ಮರಳುವವರ ಮೇಲ್ವಿಚಾರಣೆ, ಆರೋಗ್ಯ ಶಿಕ್ಷಣ ಇವೆಲ್ಲ ಈ ಶುಶ್ರೂಷೆಯ ತಿರುಳೆಂದು ಸಂಘದ ಲಿಖಿತ ಮಾನದಂಡ ಸಾರಿದಾಗ, ಒಂಟಿ ನರ್ಸ್ ತನ್ನ ಬೇಡಿಕೆಯನ್ನು ಸ್ವಂತ ಹಂಬಲವೆಂದಲ್ಲದೆ ವೃತ್ತಿಯ ಅಗತ್ಯವೆಂದು ಮುಂದಿಡಬಹುದು.

ಎರಡನೆಯದು ಅರ್ಹತೆಯ ಪ್ರಮಾಣೀಕರಣ, ಎಂದರೆ ನೋಂದಾಯಿತ ಶುಶ್ರೂಷಕಿ ಈ ವಿಶೇಷ ಕ್ಷೇತ್ರದ ಜ್ಞಾನವನ್ನೂ ಪಡೆದಿದ್ದಾರೆಂದು ಪರೀಕ್ಷೆಯ ಮೂಲಕ ದೃಢಪಡಿಸುವ ವ್ಯವಸ್ಥೆ. ಅಮೆರಿಕದಲ್ಲಿ ಈ ಕೆಲಸಕ್ಕಾಗಿ 1972ರಲ್ಲಿ ಪ್ರತ್ಯೇಕ ಮಂಡಳಿ ರಚನೆಯಾಯಿತು. ಸದಸ್ಯರ ಹಿತ ಕಾಯುವ ಸಂಸ್ಥೆಯೇ ಸದಸ್ಯರ ಅರ್ಹತೆಯನ್ನೂ ಅಳೆದರೆ ಅಳತೆಯ ಮೇಲೆ ನಂಬಿಕೆ ಉಳಿಯದೆಂಬ ವಿವೇಕ ಈ ವಿಂಗಡಣೆಯಲ್ಲಿ ಕಾಣುತ್ತದೆ. ಪ್ರಮಾಣಪತ್ರವನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕಾದುದರಿಂದ ಕಲಿಕೆ ಒಂದು ಸಲದ ಪರೀಕ್ಷೆಗೆ ಮುಗಿಯುವುದಿಲ್ಲ.

ಮೂರನೆಯದು ಜ್ಞಾನದ ಸಂಗ್ರಹ ಮತ್ತು ಪ್ರಸಾರ. ಒಂದು ಕಾರ್ಖಾನೆಯಲ್ಲಿ ಒಬ್ಬ ನರ್ಸ್ ಕಂಡ ಚರ್ಮದ ಉರಿ ಒಂದು ಬಿಡಿ ಘಟನೆ. ಅದೇ ರಾಸಾಯನಿಕ ಬಳಸುವ ಹತ್ತು ಕಾರ್ಖಾನೆಗಳ ನರ್ಸ್‌ಗಳು ಅದೇ ಉರಿಯನ್ನು ಕಂಡಿದ್ದಾರೆಂದು ತಿಳಿದಾಗ ಅದು ಸಾಕ್ಷ್ಯವಾಗುತ್ತದೆ. ಹಾಗೆ ಕೂಡಿಸುವ ಸ್ಥಳವೇ ಸಂಘದ ಪತ್ರಿಕೆ ಮತ್ತು ಸಮ್ಮೇಳನ. ಅಮೆರಿಕದ ಸಂಘ 1953ರಲ್ಲಿ ಆರಂಭಿಸಿದ ಪತ್ರಿಕೆ ಹಲವು ಹೆಸರುಗಳನ್ನು ದಾಟಿ 2012ರಿಂದ ವರ್ಕ್‌ಪ್ಲೇಸ್ ಹೆಲ್ತ್ ಅಂಡ್ ಸೇಫ್ಟಿ ಎಂಬ ಹೆಸರಿನಲ್ಲಿ ಹೊರಬರುತ್ತಿದೆ.

ನಾಲ್ಕನೆಯದು ವೃತ್ತಿನೀತಿ, ಉಳಿದ ಕೆಲಸಗಳಿಗಿಂತ ಹೆಚ್ಚು ಸೂಕ್ಷ್ಮವಾದದ್ದೂ ಇದೇ. ಸದ್ದಿನ ಯಂತ್ರಗಳ ನಡುವೆ ದುಡಿಯುವವರ ಶ್ರವಣಶಕ್ತಿಯನ್ನು ಅಳೆದಾಗ, ಸದ್ದಿನಿಂದ ಕಿವಿಗಾಗುವ ಹಾನಿ ಮೊದಲು 4,000 ಹರ್ಟ್ಸ್ ಸುತ್ತಲಿನ ಎತ್ತರದ ಸ್ವರಗಳಲ್ಲಿ ಕಾಣಿಸಿಕೊಳ್ಳುತ್ತದೆ; ಕಾರ್ಮಿಕನಿಗೆ ದಿನನಿತ್ಯದ ಮಾತು ಸರಿಯಾಗಿಯೇ ಕೇಳುತ್ತಿರುವುದರಿಂದ ಹಾನಿ ಅವನ ಅರಿವಿಗೇ ಬಂದಿರುವುದಿಲ್ಲ. ಒಂದೇ ವಿಭಾಗದ ಹಲವರ ನಕ್ಷೆಗಳಲ್ಲಿ ಅದೇ ಕುಸಿತ ಕಂಡರೆ ದೋಷ ಕಿವಿಗಳದಲ್ಲ, ವಿಭಾಗದ್ದು ಎಂದು ಮೊದಲು ತಿಳಿಯುವವರು ಪರೀಕ್ಷೆ ನಡೆಸಿದ ನರ್ಸ್. ಯಂತ್ರಕ್ಕೆ ಸದ್ದಿನ ತಡೆ ಹಾಕಿಸಲು ಖರ್ಚಾಗುತ್ತದೆ, ಕಾರ್ಮಿಕನನ್ನು ಅನರ್ಹನೆಂದು ಹೊರಗಿಡುವುದು ಅಗ್ಗ. ಈ ಕವಲಿನಲ್ಲಿ ವ್ಯಕ್ತಿಗತ ವೈದ್ಯಕೀಯ ವಿವರವನ್ನು ಮಾಲೀಕನಿಂದ ಮರೆಯಾಗಿಟ್ಟು, ವಿಭಾಗದ ಒಟ್ಟು ಅಪಾಯವನ್ನು ಮಾತ್ರ ಸ್ಪಷ್ಟವಾಗಿ ವರದಿ ಮಾಡುವುದು ನೀತಿಯ ದಾರಿ. 1906ರಲ್ಲಿ ಮಿಲಾನ್ ನಗರದಲ್ಲಿ ಸ್ಥಾಪನೆಗೊಂಡು, 1966ರಲ್ಲಿ ಶುಶ್ರೂಷೆಗೆಂದೇ ಉಪಸಮಿತಿ ರಚಿಸಿಕೊಂಡ ಔದ್ಯೋಗಿಕ ಆರೋಗ್ಯದ ಅಂತರರಾಷ್ಟ್ರೀಯ ಆಯೋಗ 1992ರಲ್ಲಿ ಪ್ರಕಟಿಸಿದ ನೀತಿಸಂಹಿತೆ ಇದನ್ನೇ ಹೇಳುತ್ತದೆ: ಕೆಲಸಕ್ಕೆ ಅರ್ಹತೆ ಇದೆಯೇ, ಯಾವ ಮಿತಿಗಳು ಅಗತ್ಯ ಎಂಬಷ್ಟನ್ನೇ ಮಾಲೀಕನಿಗೆ ತಿಳಿಸಬೇಕು, ರೋಗನಿದಾನವನ್ನಲ್ಲ.

ಐದನೆಯದು ಸಾರ್ವಜನಿಕ ನೀತಿಯ ಮೇಲೆ ಪ್ರಭಾವ. ಅಮೆರಿಕದಲ್ಲಿ 1970ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಯನ್ನು ಜಾರಿಗೊಳಿಸುವ ಸಂಸ್ಥೆಯೊಳಗೆ 1993ರಲ್ಲಿ ಶುಶ್ರೂಷೆಗೆಂದೇ ಒಂದು ಕಚೇರಿ ತೆರೆಯಿತು. ಬಳಸಿದ ಸೂಜಿ ಚುಚ್ಚಿ ರಕ್ತದ ಮೂಲಕ ಹರಡುವ ಸೋಂಕುಗಳಿಗೆ ಆಸ್ಪತ್ರೆಯ ಸಿಬ್ಬಂದಿ ಗುರಿಯಾಗುವುದನ್ನು ತಡೆಯಲು ಶುಶ್ರೂಷಕಿಯರ ಸಂಘಗಳೂ ಕಾರ್ಮಿಕ ಸಂಘಗಳೂ ನಡೆಸಿದ ಒತ್ತಾಯದ ಫಲವಾಗಿ 2000ದಲ್ಲಿ ಅಲ್ಲಿ ಕಾಯ್ದೆಯೊಂದು ಬಂತು. ಸುರಕ್ಷಿತ ಸೂಜಿಗಳ ಬಳಕೆ, ಚುಚ್ಚುಗಾಯಗಳ ದಾಖಲೆ ಪುಸ್ತಕ, ಸಾಧನಗಳನ್ನು ಆರಿಸುವಾಗ ಅವುಗಳನ್ನು ಬಳಸುವ ಸಿಬ್ಬಂದಿಯ ಅಭಿಪ್ರಾಯ ಕೇಳುವುದು ಇವು ಅದರ ಮುಖ್ಯ ಅಂಶಗಳು. ಕೊನೆಯ ಅಂಶ ವಿಶೇಷವಾಗಿ ಗಮನಿಸಬೇಕಾದದ್ದು, ಏಕೆಂದರೆ ಖರೀದಿ ವಿಭಾಗದ ಮೇಜಿನಲ್ಲಿ ಕೈಗೆ ಸೂಜಿ ಹಿಡಿಯುವವರಿಗೂ ಒಂದು ಕುರ್ಚಿಯನ್ನು ಅದು ಕೊಡಿಸಿತು.

4. ಸ್ವಾತಂತ್ರ್ಯವೆಂಬ ಷರತ್ತು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1985ರ 161ನೆಯ ಒಡಂಬಡಿಕೆ ಔದ್ಯೋಗಿಕ ಆರೋಗ್ಯ ಸೇವೆಗಳನ್ನು ಕುರಿತದ್ದು. ಅದರ 10ನೆಯ ವಿಧಿಯ ಪ್ರಕಾರ ಈ ಸೇವೆ ಒದಗಿಸುವ ಸಿಬ್ಬಂದಿ ಮಾಲೀಕರಿಂದಲೂ ಕಾರ್ಮಿಕರಿಂದಲೂ ಅವರ ಪ್ರತಿನಿಧಿಗಳಿಂದಲೂ ಪೂರ್ಣ ವೃತ್ತಿ ಸ್ವಾತಂತ್ರ್ಯ ಹೊಂದಿರಬೇಕು. 15ನೆಯ ವಿಧಿಯ ಪ್ರಕಾರ ಕಾರ್ಮಿಕರ ಗೈರುಹಾಜರಿಯ ಕಾರಣ ನಿಜವೋ ಸುಳ್ಳೋ ಎಂದು ಪರಿಶೀಲಿಸುವ ಕೆಲಸವನ್ನು ಮಾಲೀಕರು ಈ ಸಿಬ್ಬಂದಿಗೆ ಹೊರಿಸಬಾರದು. ಕಾರ್ಮಿಕನ ರಜೆಯ ಚೀಟಿಯನ್ನು ಅನುಮಾನಿಸುವ ಕೆಲಸ ಒಮ್ಮೆ ನರ್ಸ್ ಕೈಗೆ ಬಂದರೆ, ಮುಂದೆ ಯಾವ ಕಾರ್ಮಿಕನೂ ತನ್ನ ಕೆಮ್ಮನ್ನಾಗಲಿ ಗರ್ಭಧಾರಣೆಯನ್ನಾಗಲಿ ಆಕೆಯೆದುರು ಬಾಯಿಬಿಟ್ಟು ಹೇಳಲಾರ, ಹೇಳಲಾರಳು. ನಂಬಿಕೆ ಕಳೆದುಹೋದಲ್ಲಿ ರೋಗ ತಡವಾಗಿ ಪತ್ತೆಯಾಗುತ್ತದೆ. ಆ ನಷ್ಟ ಕಂಪನಿಯದೂ ಹೌದು.

ಭಾರತ ಈ ಒಡಂಬಡಿಕೆಯನ್ನು ಅನುಮೋದಿಸಿಲ್ಲ. ಅನುಮೋದಿಸಿದ ದೇಶಗಳಲ್ಲೂ ಕಾಗದದ ಮೇಲಿನ ಸ್ವಾತಂತ್ರ್ಯ ತಾನಾಗಿ ನಡೆಗೆ ಇಳಿಯುವುದಿಲ್ಲ. ಆಡಳಿತವರ್ಗ ರೋಗಿಯ ಕಡತ ಕೇಳಿದಾಗ ಕೊಡಲಾಗದೆಂದು ಹೇಳಬೇಕಾದ ನರ್ಸ್, ಆ ಉತ್ತರ ತನ್ನೊಬ್ಬಳ ಹಟವಲ್ಲವೆಂದು ತೋರಿಸಲು ಸಂಘದ ನೀತಿಸಂಹಿತೆಯನ್ನು ಮೇಜಿನ ಮೇಲಿಡಬಹುದು. ಕೆಲಸಕ್ಕೆ ಸೇರುವಾಗಿನ ಕರಾರುಪತ್ರದಲ್ಲೇ ಆ ಸಂಹಿತೆಯ ಉಲ್ಲೇಖವಿದ್ದರೆ ಆಕೆಯ ನಿಲುವು ಇನ್ನಷ್ಟು ಗಟ್ಟಿ.

5. ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಹುದ್ದೆ ಕಾನೂನಿನಿಂದ ಹುಟ್ಟಿತು. 1948ರ ಕಾರ್ಖಾನೆಗಳ ಕಾಯ್ದೆಯ 45ನೆಯ ಪ್ರಕರಣದಂತೆ 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ, ನಿಯಮಗಳು ಗೊತ್ತುಪಡಿಸುವ ವೈದ್ಯಕೀಯ ಮತ್ತು ಶುಶ್ರೂಷಾ ಸಿಬ್ಬಂದಿಯ ವಶದಲ್ಲಿ ಆಂಬುಲೆನ್ಸ್ ಕೊಠಡಿ ಇರಬೇಕಾಗಿತ್ತು. 1984ರ ಭೋಪಾಲ್ ದುರಂತದ ಬಳಿಕ 1987ರಲ್ಲಿ ಕಾಯ್ದೆಗೆ ತಂದ ತಿದ್ದುಪಡಿ, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಇಡಬೇಕು, ನಿಯತಕಾಲಿಕ ತಪಾಸಣೆ ನಡೆಸಬೇಕು, ದಾಖಲೆಗಳು ಕಾರ್ಮಿಕರಿಗೂ ಸಿಗಬೇಕು ಎಂದು ವಿಧಿಸಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ, 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, ಕಾರ್ಖಾನೆ, ಗಣಿ, ತೋಟ, ಕಟ್ಟಡ ನಿರ್ಮಾಣ ಮೊದಲಾದವಕ್ಕೆ ಸಂಬಂಧಿಸಿದ 13 ಕಾಯ್ದೆಗಳನ್ನು ಒಂದುಗೂಡಿಸಿದೆ; ಆಂಬುಲೆನ್ಸ್ ಕೊಠಡಿಯ 500ರ ಮಿತಿ ಅದರಲ್ಲೂ ಉಳಿದಿದೆ.

ಈ ಶಾಸನಗಳಲ್ಲಿ ಶುಶ್ರೂಷೆಯ ಸ್ಥಾನವೇನೆಂಬುದನ್ನು ಒಂದು ಉದಾಹರಣೆಯಿಂದ ಅರಿಯಬಹುದು. ಸಿಲಿಕೋಸಿಸ್, ಸೀಸದ ವಿಷಬಾಧೆ, ಸದ್ದಿನಿಂದಾಗುವ ಕಿವುಡು ಮುಂತಾದ ರೋಗಗಳು ಅಧಿಸೂಚಿತ ರೋಗಗಳೆನಿಸಿವೆ, ಎಂದರೆ ಅವು ಕಂಡುಬಂದರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. 1948ರ ಕಾಯ್ದೆಯ 89ನೆಯ ಪ್ರಕರಣ ಆ ಹೊಣೆಯನ್ನು ಕಾರ್ಖಾನೆಯ ವ್ಯವಸ್ಥಾಪಕನಿಗೂ ಚಿಕಿತ್ಸೆ ನೀಡುವ ವೈದ್ಯನಿಗೂ ವಹಿಸಿತ್ತು. ಲಕ್ಷಣವನ್ನು ಹಲವು ಸಲ ಮೊದಲು ಕಾಣುವವರು ನರ್ಸ್ ಆದರೂ ಆಕೆಯ ಹೆಸರು ಆ ಪ್ರಕರಣದಲ್ಲಿಲ್ಲ. ಶಾಸನ ರೂಪುಗೊಳ್ಳುವಾಗ ಒಂದು ವೃತ್ತಿಯ ಪರವಾಗಿ ಮಾತನಾಡುವವರು ಗಟ್ಟಿಯಾಗಿರದಿದ್ದರೆ ಆ ವೃತ್ತಿಯ ಕೆಲಸ ಶಾಸನದ ಕಣ್ಣಿಗೆ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಭಾರತದ ಶುಶ್ರೂಷಾ ವೃತ್ತಿ ಸಂಘಟನೆಯ ಪರಿಚಯವಿಲ್ಲದ ವೃತ್ತಿಯೇನಲ್ಲ. ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ 1908ರಲ್ಲಿ ಸ್ಥಾಪನೆಯಾಗಿ, 1910ರಲ್ಲಿ ತನ್ನ ಪತ್ರಿಕೆಯನ್ನು ಆರಂಭಿಸಿ, 1912ರಲ್ಲಿ ಶುಶ್ರೂಷಕಿಯರ ಅಂತರರಾಷ್ಟ್ರೀಯ ಪರಿಷತ್ತಿನ ಸದಸ್ಯತ್ವ ಪಡೆಯಿತು. ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ವೇತನ ಕುರಿತು ಅದು ಸುಪ್ರೀಂ ಕೋರ್ಟಿಗೆ ಒಯ್ದ ಪ್ರಕರಣದಲ್ಲಿ 2016ರಲ್ಲಿ ಬಂದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ವೇತನ ಇರಬಾರದೆಂದು ಆ ಸಮಿತಿ ಶಿಫಾರಸು ಮಾಡಿತು. ಮತ್ತೊಂದೆಡೆ ಕೈಗಾರಿಕಾ ವೈದ್ಯರು 1948ರಷ್ಟು ಹಿಂದೆಯೇ ಔದ್ಯೋಗಿಕ ಆರೋಗ್ಯದ ಭಾರತೀಯ ಸಂಘವನ್ನು ಕಟ್ಟಿಕೊಂಡರು. ವೈದ್ಯರಿಗೆಂದು ಕೈಗಾರಿಕಾ ಆರೋಗ್ಯದ ಮೂರು ತಿಂಗಳ ಪ್ರಮಾಣಪತ್ರ ಶಿಕ್ಷಣವೂ ನಡೆಯುತ್ತಿದೆ. ಕಾರ್ಖಾನೆಯ ನರ್ಸ್ ನಿಂತಿರುವುದು ಈ ಎರಡು ಬಳಗಗಳ ಗಡಿಯಲ್ಲಿ: ಶುಶ್ರೂಷಕಿಯರ ಸಂಘದ ಮುಖ್ಯ ಚಿಂತೆ ಆಸ್ಪತ್ರೆ, ಔದ್ಯೋಗಿಕ ಆರೋಗ್ಯ ಸಂಘದ ಮುಖ್ಯ ದನಿ ವೈದ್ಯರದು.

ಕರ್ನಾಟಕದ ಅನುಭವ ಇನ್ನೊಂದು ಪಾಠವನ್ನು ಕೂಡಿಸುತ್ತದೆ. ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಸಿಲಿಕೋಸಿಸ್ ಎಷ್ಟು ವ್ಯಾಪಕವಾಗಿತ್ತೆಂಬುದು 1940ರ ದಶಕದಲ್ಲೇ ದಾಖಲೆಗೆ ಬಂದಿತ್ತು. ಕಲ್ಲಿನ ಸಣ್ಣ ದೂಳು ಶ್ವಾಸಕೋಶದಲ್ಲಿ ಕುಳಿತು ಗಾಯದ ಗಂಟುಗಳನ್ನು ಉಂಟುಮಾಡುವ ಈ ರೋಗ, ದೂಳಿನ ಸಂಪರ್ಕ ನಿಂತ ಮೇಲೂ ಬೆಳೆಯಬಲ್ಲದು. ಗಣಿ 2001ರಲ್ಲಿ ಮುಚ್ಚಿತು, ಶ್ವಾಸಕೋಶದೊಳಗಿನ ದೂಳು ಮುಚ್ಚಿದ ಗಣಿಯೊಡನೆ ಹೋಗಲಿಲ್ಲ. ಆದುದರಿಂದ ಆರೋಗ್ಯ ದಾಖಲೆಯ ಆಯುಷ್ಯ ಕಂಪನಿಯ ಆಯುಷ್ಯಕ್ಕಿಂತ ದೀರ್ಘವಾಗಿರಬೇಕು. ಅಮೆರಿಕದ ನಿಯಮ ಕಾರ್ಮಿಕನ ವೈದ್ಯಕೀಯ ದಾಖಲೆಯನ್ನು ಸೇವಾವಧಿಯ ನಂತರವೂ 30 ವರ್ಷ ಕಾಪಾಡಬೇಕೆಂದು ಹೇಳುವುದು ಇದೇ ಕಾರಣಕ್ಕೆ. ದಾಖಲೆ ಬರೆಯುವವರೇ ನರ್ಸ್‌ಗಳಾಗಿರುವಾಗ, ಅದನ್ನು ಹೇಗೆ ಬರೆಯಬೇಕು, ಕಾರ್ಖಾನೆ ಕೈಬದಲಾದರೆ ಯಾರಿಗೆ ಒಪ್ಪಿಸಬೇಕು ಎಂಬ ಮಾದರಿಯನ್ನು ಅವರ ಸಂಘವೇ ರೂಪಿಸುವುದು ಸಹಜ.

6. ಮಿತಿಗಳು ಮತ್ತು ಮುಂದಿನ ಹೆಜ್ಜೆಗಳು

ವೃತ್ತಿಸಂಘಗಳಿಗೆ ತಮ್ಮದೇ ದೌರ್ಬಲ್ಯಗಳಿವೆ. ಸಮ್ಮೇಳನದ ಖರ್ಚಿಗೆ ಔಷಧ ಮತ್ತು ಸಾಧನ ತಯಾರಕರ ಪ್ರಾಯೋಜಕತ್ವ ನೆಚ್ಚಿದರೆ ದನಿಯ ಮೊನಚು ಕುಂದುತ್ತದೆ. ಸದಸ್ಯರು ದೊಡ್ಡ ಕಂಪನಿಗಳ ಕಾಯಂ ನೌಕರರೇ ಆಗಿದ್ದರೆ, ಏಜೆನ್ಸಿಯ ಮೂಲಕ ಗುತ್ತಿಗೆಯ ಮೇಲೆ ದುಡಿಯುವ ನರ್ಸ್‌ಗಳ ಕಷ್ಟ ಸಂಘದ ಕಾರ್ಯಸೂಚಿಗೆ ಬರುವುದಿಲ್ಲ. ಅರ್ಹತಾ ಪತ್ರ ಜ್ಞಾನದ ಗುರುತಾಗುವ ಬದಲು ಇತರರನ್ನು ಹೊರಗಿಡುವ ಬೇಲಿಯೂ ಆಗಬಹುದು. ಎಲ್ಲಕ್ಕೂ ಮಿಗಿಲಾಗಿ, 500ರ ಮಿತಿಯನ್ನು ಮುಟ್ಟದ ಸಣ್ಣ ಘಟಕಗಳವರು, ಮನೆಯಲ್ಲೇ ಬೀಡಿ ಕಟ್ಟುವವರು, ಅಗರಬತ್ತಿ ಹೊಸೆಯುವವರು, ಕಲ್ಲು ಕ್ವಾರಿಗಳ ಕೂಲಿಗಳು ಯಾವ ಆಂಬುಲೆನ್ಸ್ ಕೊಠಡಿಯ ಬಾಗಿಲನ್ನೂ ಕಾಣದವರು. ಅವರನ್ನು ಮರೆತ ಸಂಘ ದೊಡ್ಡ ಕಾರ್ಖಾನೆಗಳ ಶುಶ್ರೂಷಕಿಯರ ಕೂಟವಾಗಿ ಉಳಿದೀತೇ ವಿನಾ ಔದ್ಯೋಗಿಕ ಆರೋಗ್ಯದ ವಕ್ತಾರನಾಗಲಾರದು.

ಕರ್ನಾಟಕದಲ್ಲಿ ಆಗಬಹುದಾದ ಕೆಲಸಕ್ಕೆ ನೆಲೆಗಳು ಈಗಾಗಲೇ ಇವೆ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಇದೆ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನೂರಾರು ಶುಶ್ರೂಷಾ ಕಾಲೇಜುಗಳಿವೆ. ಪೀಣ್ಯ, ಬೊಮ್ಮಸಂದ್ರದಂತಹ ಕೈಗಾರಿಕಾ ಪ್ರದೇಶಗಳ ನರ್ಸ್‌ಗಳು ಮೊದಲು ಪ್ರದೇಶವಾರು ಕೂಟಗಳಾಗಿ ಕೂಡುವುದು, ಆ ಕೂಟಗಳು ಟ್ರೇನ್ಡ್ ನರ್ಸಸ್ ಅಸೋಸಿಯೇಷನ್‌ನ ಆಶ್ರಯದಲ್ಲಿ ವಿಭಾಗವಾಗಿ ಬೆಳೆದು ವೈದ್ಯರ ಸಂಘದೊಂದಿಗೆ ಸಮಾನ ನೆಲೆಯಲ್ಲಿ ವ್ಯವಹರಿಸುವುದು, ಬ್ರಿಟನ್ನಿನ ಮಾದರಿಯ ಬಲವನ್ನೂ ಅಮೆರಿಕದ ಮಾದರಿಯ ಏಕಾಗ್ರತೆಯನ್ನೂ ಒಟ್ಟಿಗೆ ಪಡೆಯುವ ದಾರಿಯಾದೀತು. ರಾಸಾಯನಿಕಗಳ ಅಪಾಯದ ಸೂಚನೆಗಳನ್ನು ಕನ್ನಡದಲ್ಲಿಯೂ, ಸಿದ್ಧ ಉಡುಪು ಕಾರ್ಖಾನೆಗಳಿಗೆ ಬಂದಿರುವ ವಲಸೆ ಕಾರ್ಮಿಕರಿಗಾಗಿ ಒಡಿಯಾ, ಹಿಂದಿ ಭಾಷೆಗಳಲ್ಲಿಯೂ ಸಿದ್ಧಪಡಿಸುವುದು ಇಂತಹ ವಿಭಾಗದ ಮೊದಲ ಕೆಲಸವಾಗಬಹುದು. ಗೌಪ್ಯತೆಯ ಷರತ್ತುಳ್ಳ ಮಾದರಿ ಕರಾರುಪತ್ರವನ್ನು ರಚಿಸುವುದು ಎರಡನೆಯದು. ಹೊಸ ಸಂಹಿತೆಯಡಿ ರಾಜ್ಯದ ನಿಯಮಗಳಲ್ಲಿ ನರ್ಸ್‌ನ ವಿಶೇಷ ಅರ್ಹತೆಯನ್ನೂ ರೋಗದ ಸೂಚನೆ ಕೊಡುವ ಅಧಿಕಾರವನ್ನೂ ಸ್ಪಷ್ಟವಾಗಿ ಬರೆಸಲು ಯತ್ನಿಸುವುದು ಮೂರನೆಯದು.

ಈ ಮೂರೂ ಕೆಲಸಗಳಲ್ಲಿ ದೊಡ್ಡ ಹಣದ ಅಗತ್ಯವಿರುವುದು ಒಂದೂ ಇಲ್ಲ, ಒಬ್ಬರೇ ಮಾಡಬಹುದಾದದ್ದು ಒಂದೂ ಇಲ್ಲ. ಕಾರ್ಮಿಕನ ಆರೋಗ್ಯವನ್ನು ಒಬ್ಬ ನರ್ಸ್‌ನ ಧೈರ್ಯದ ಮೇಲೆ ಬಿಡುವ ವ್ಯವಸ್ಥೆ ಆಕೆಗೂ ಅನ್ಯಾಯ, ಕಾರ್ಮಿಕನಿಗೂ ಅನ್ಯಾಯ. ಆ ಧೈರ್ಯ ವ್ಯಕ್ತಿಯ ಗುಣವಾಗಿ ಮಾತ್ರ ಉಳಿಯದೆ ವೃತ್ತಿಯ ಪದ್ಧತಿಯಾಗುವಂತೆ ಮಾಡುವುದೇ ವೃತ್ತಿಸಂಘದ ಅಸ್ತಿತ್ವಕ್ಕೆ ಇರುವ ಸಮರ್ಥನೆ.